ಗಾಡಿಯೊಳಗಿನ ಅಡುಗೆಮನೆ: ಮಲೆನಾಡಿನಲ್ಲಿ ಆರು ದಿನ

ಹೊರಡುವ ಹಿಂದಿನ ಸಂಜೆ ಶಿವಮೊಗ್ಗದ ನಮ್ಮ ಮನೆಯ ಜಗಲಿಯ ಮೇಲೆ ಏಳು ಉಪಕರಣಗಳು ಸಾಲಾಗಿ ಕುಳಿತಿದ್ದವು: ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ರೈಸ್ ಕುಕ್ಕರ್, ಮಿಕ್ಸಿ, ಮೂರು ಲೀಟರಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್, ಸ್ಯಾಂಡ್‌ವಿಚ್ ಟೋಸ್ಟರ್, ಜೊತೆಗೆ ಯಾರದೋ ಉಡುಗೊರೆಯಾಗಿ ಬಂದು ಇನ್ನೂ ಡಬ್ಬದೊಳಗೇ ಇದ್ದ ಒಂದು ಓವನ್. ಭಾವಮೈದನ ಸ್ನೇಹಿತರೊಬ್ಬರು ತಮ್ಮ ಟೆಂಪೋ ಟ್ರಾವೆಲರ್ ಗಾಡಿಯ ಹಿಂಬದಿಯ ಸೀಟುಗಳನ್ನು ತೆಗೆಸಿ, ಎರಡು ಮಂಚ, ಒಂದು ಸಿಂಕು, ಚಿಕ್ಕದೊಂದು ಫ್ರಿಜ್ಜು ಮತ್ತು ಒಂದೂವರೆ ಮೊಳದ ಅಡುಗೆಕಟ್ಟೆಯನ್ನು ಕೂಡಿಸಿಕೊಂಡಿದ್ದರು. ಅದನ್ನು ಆರು ದಿನದ ಮಟ್ಟಿಗೆ ನಮಗೆ ಕೊಟ್ಟಾಗ ಅವರು ಹೇಳಿದ್ದು ಒಂದೇ ಮಾತು: 'ಅಡುಗೆಯ ಸಾಮಾನು ನೀವೇ ಆರಿಸಿಕೊಳ್ಳಿ, ಬ್ಯಾಟರಿಯನ್ನು ಮಾತ್ರ ಪೂರ್ತಿ ಖಾಲಿ ಮಾಡಬೇಡಿ.'

ಭಾವಮೈದನು ವಿದ್ಯುತ್ ಸಾಮಾನುಗಳ ಒಳಹೊರಗು ಬಲ್ಲವನು. ಅವನು ಜಗಲಿಯ ಮೇಲೆಯೇ ಲೆಕ್ಕ ಹಾಕಿದ. ಗಾಡಿಯಲ್ಲಿದ್ದುದು 12.8 ವೋಲ್ಟಿನ, 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ. ಎರಡನ್ನೂ ಗುಣಿಸಿದರೆ 2,560 ವ್ಯಾಟ್-ಗಂಟೆ. ಐದನೆಯ ಒಂದು ಪಾಲನ್ನು ಮುಟ್ಟದೆ ಉಳಿಸಿ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಇನ್ವರ್ಟರಿನಲ್ಲಿ ಬಿಸಿಯಾಗಿ ಕಳೆದುಹೋಗುವುದನ್ನೂ ತೆಗೆದರೆ ಕೈಗೆ ಸಿಗುವುದು ಸುಮಾರು 1,800, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಎರಡು ಯೂನಿಟ್ಟಿಗೂ ಕಡಿಮೆ. ಅದರಲ್ಲಿ ಫ್ರಿಜ್ಜು ದಿನಕ್ಕೆ ಅರ್ಧ ಯೂನಿಟ್ಟಿನಷ್ಟನ್ನು ತಾನೇ ನುಂಗುತ್ತದೆ. ಹಳೆಯ ಮಾದರಿಯ ಸೀಸದ ಬ್ಯಾಟರಿಯಾಗಿದ್ದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತೆಯೇ ಇರಲಿಲ್ಲ ಎಂದು ಸಮಾಧಾನವನ್ನೂ ಹೇಳಿದ. ನಾಲ್ಕು ಜನರ ಮೂರು ಹೊತ್ತಿನ ಊಟ ಒಂದೂಕಾಲು ಯೂನಿಟ್ಟಿನಲ್ಲಿ ಆಗಬೇಕು ಎಂದಾಗ ಅಮ್ಮ ಜಗಲಿಯ ಮೇಲಿದ್ದ ಸಾಲನ್ನು ಒಮ್ಮೆ ನೋಡಿ, 'ಹಾಗಾದರೆ ಇವರೆಲ್ಲರೂ ಯಾಕೆ ಬರುತ್ತಿದ್ದಾರೆ?' ಎಂದು ಕೇಳಿದರು. ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದ್ದರೆ ಗಾಡಿಯಲ್ಲಿ ಇನ್ನಿಬ್ಬರು ಕಾಲು ಚಾಚಬಹುದಿತ್ತು.

ಮೊದಲ ದಿನ: ಶಿವಮೊಗ್ಗ – ಮಂಡಗದ್ದೆ

ಅಕ್ಟೋಬರಿನ ಮೊದಲ ವಾರವಾದ್ದರಿಂದ ಮಳೆಗಾಲ ಮುಗಿದಿದೆ ಎನ್ನುವಂತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ತೀರ್ಥಹಳ್ಳಿ ರಸ್ತೆಯ ಮೇಲೆ ಸಣ್ಣಗೆ ಹನಿಯುತ್ತಿತ್ತು. ಗಾಜನೂರಿನಲ್ಲಿ ತುಂಗೆಯ ಅಣೆಕಟ್ಟನ್ನು ಕಿಟಕಿಯಿಂದಲೇ ನೋಡಿದೆವು. ಸಕ್ರೆಬೈಲಿನ ಆನೆಗಳ ಸ್ನಾನವೆಲ್ಲ ಬೆಳಗಿನ ಹೊತ್ತಿನ ಸಂಭ್ರಮವಾದ್ದರಿಂದ ಅಲ್ಲಿ ನಿಲ್ಲಲಿಲ್ಲ. ಮಂಡಗದ್ದೆಗೆ ಬರುವಷ್ಟರಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಸಂಜೆಯ ಜಾಗಕ್ಕಾಗಿ ಜಗಳವಾಡುತ್ತಿದ್ದವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಬಂಧುಗಳ ಅಡಿಕೆ ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಮನೆಯೊಳಗೆ ಊಟಕ್ಕೆ ಕರೆದರೂ ಹೋಗದೆ, ನಮ್ಮ ಅಡುಗೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಹಟ ಹಿಡಿದದ್ದು ನಾನೇ.

ರೈಸ್ ಕುಕ್ಕರಿಗೆ ಎರಡು ಲೋಟ ಅಕ್ಕಿ ಹಾಕಿ ಸ್ವಿಚ್ಚು ಒತ್ತಿದ ಮೇಲೆ, ಬಿಸಿ ನೀರು ಬೇಕೆಂದು ಕೆಟಲನ್ನೂ ಹಾಕಿದೆ. ಇನ್ವರ್ಟರಿನ ಶಕ್ತಿ 2,000 ವ್ಯಾಟ್. ಕೆಟಲಿನದು 1,500, ರೈಸ್ ಕುಕ್ಕರಿನದು 700. ಕೂಡಿಸಲು ಬಾರದ ವಯಸ್ಸೇನೂ ನನ್ನದಲ್ಲ. ಇನ್ವರ್ಟರು ಮೂರು ಸಲ ಕೀರಲು ದನಿ ತೆಗೆದು ಸುಮ್ಮನಾಯಿತು. ಆದರೆ ಗಾಡಿಯ ದೀಪಗಳು ನೇರವಾಗಿ ಬ್ಯಾಟರಿಯಿಂದಲೇ ಉರಿಯುವಂಥವು, ಆದ್ದರಿಂದ ಬೆಳಕು ಹೋಗಲಿಲ್ಲ. ಕೀರಲು ದನಿಯನ್ನು ತೋಟದ ಯಾವುದೋ ಹುಳುವಿನದೆಂದು ತಿಳಿದು ನಾವು ಹರಟೆಯಲ್ಲಿ ಮುಳುಗಿದೆವು. ಕಾಲು ಗಂಟೆಯ ಮೇಲೆ ಅಮ್ಮ ಮುಚ್ಚಳ ತೆಗೆದಾಗ ಅಕ್ಕಿ ಉಗುರುಬೆಚ್ಚನೆಯ ನೀರಿನಲ್ಲಿ ಊದಿಕೊಂಡು ಮಲಗಿತ್ತು. ಅದನ್ನು ತಪ್ಪಲೆಗೆ ಸುರಿದು, ಗಾಡಿಯಲ್ಲಿದ್ದ ಒಂಟಿ ಬರ್ನರಿನ ಗ್ಯಾಸ್ ಒಲೆಯ ಮೇಲಿಟ್ಟು ಗಂಜಿ ಮಾಡಿದರು. ಮಿಡಿ ಉಪ್ಪಿನಕಾಯಿಯೊಂದಿಗೆ ಅದು ಚೆನ್ನಾಗಿಯೇ ಇತ್ತೆಂದು ಎಲ್ಲರೂ ಹೇಳಿದರು, ಯಾರೂ ನನ್ನ ಮುಖ ನೋಡಲಿಲ್ಲ.

ಆ ರಾತ್ರಿಯೇ ಭಾವಮೈದನು ತನ್ನ ಚೀಲದಿಂದ ಅಂಗೈಯಗಲದ ಒಂದು ಮೀಟರನ್ನು ತೆಗೆದ. ಅದನ್ನು ಸಾಕೆಟ್ಟಿಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್ ಬರುತ್ತಿದೆ, ಆ ಕ್ಷಣದಲ್ಲಿ ಎಷ್ಟು ವ್ಯಾಟ್ ಹೋಗುತ್ತಿದೆ, ಒಟ್ಟು ಎಷ್ಟು ಖರ್ಚಾಯಿತು ಎಂಬುದೆಲ್ಲ ಅದರ ಪುಟ್ಟ ಪರದೆಯ ಮೇಲೆ ಕಾಣುತ್ತದೆ. ಮುಂದಿನ ಐದು ದಿನ ಆ ಮೀಟರೇ ನಮ್ಮ ಪಂಚಾಂಗವಾಯಿತು.

ಎರಡನೆಯ ದಿನ: ತೀರ್ಥಹಳ್ಳಿಯ ಮೂಲಕ ಆಗುಂಬೆಗೆ

ಬೆಳಗಿನ ಕಾಫಿಗೆ ಒಂದು ಲೀಟರ್ ನೀರು ಕೆಟಲಿನಲ್ಲಿ ನಾಲ್ಕು ನಿಮಿಷದಲ್ಲಿ ಕುದಿಯಿತು. ಮೀಟರು 98 ವ್ಯಾಟ್-ಗಂಟೆ ತೋರಿಸಿತು. ಸ್ಟೀಲಿನ ಫಿಲ್ಟರಿಗೆ ಕರೆಂಟು ಬೇಡವೆಂಬುದು ಅದರ ದೊಡ್ಡ ಗುಣ. ಹಾಲನ್ನು ಕೆಟಲಿನಲ್ಲಿ ಕಾಯಿಸುವ ಪ್ರಯೋಗವನ್ನು ಭಾವಮೈದನು ಹಿಂದೆಂದೋ ಮಾಡಿ, ತಳಕ್ಕೆ ಹತ್ತಿದ ಹಾಲನ್ನು ಎರಡು ದಿನ ಕೆರೆದವನಾದ್ದರಿಂದ ಹಾಲು ಗ್ಯಾಸಿಗೆ ಹೋಯಿತು.

ಗಾಡಿ ಓಡುವಾಗ, ಇಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ಬ್ಯಾಟರಿಗೆ 30 ಆಂಪಿಯರಿನಷ್ಟು ಹರಿಯುವ ವ್ಯವಸ್ಥೆಯಿತ್ತು. ಗಂಟೆಗೆ ಹೆಚ್ಚುಕಡಿಮೆ 380 ವ್ಯಾಟ್-ಗಂಟೆ. ತೀರ್ಥಹಳ್ಳಿಯಲ್ಲಿ ಇಳಿದಾಗ, ನಾವು ಬಂದ ದಾರಿ ಒಂದು ಹೊತ್ತಿನ ಅನ್ನವನ್ನು ಗಳಿಸಿಕೊಟ್ಟಿದೆ ಎಂದು ಭಾವಮೈದನು ಹೇಳಿದ. ಅಲ್ಲಿಯ ಅಂಗಡಿಸಾಲಿನಲ್ಲಿ ತೆಂಗಿನಕಾಯಿ, ಮೊಸರು, ಒಂದು ಹಿಡಿ ಒಂದೆಲಗ, ಕಾಳುಮೆಣಸು ಕೊಂಡೆವು.

ಮಧ್ಯಾಹ್ನ ಆಗುಂಬೆ ರಸ್ತೆಯ ಬದಿಯಲ್ಲಿ, ಹಲಸಿನ ಮರವೊಂದರ ಕೆಳಗೆ, ಇಂಡಕ್ಷನ್ ಒಲೆಯ ಪರೀಕ್ಷೆ ನಡೆಯಿತು. ಅಮ್ಮ ಮನೆಯಿಂದ ಹೊತ್ತು ತಂದ ಪಾತ್ರೆಗಳನ್ನು ಒಂದೊಂದಾಗಿ ಅದರ ಮೇಲಿಟ್ಟರೆ, ಅಲ್ಯುಮಿನಿಯಂ ಕಡುಬಿನ ಪಾತ್ರೆಯನ್ನೂ ಹಿತ್ತಾಳೆಯ ಚಿಕ್ಕ ಚರಿಗೆಯನ್ನೂ ಅದು ಗುರುತಿಸಲೇ ಇಲ್ಲ. ಕೀಂ ಎಂದು ಕೂಗಿ ಆರಿಹೋಯಿತು. ಇಂಡಕ್ಷನ್ ಒಲೆ ಬೆಂಕಿಯನ್ನು ಕೊಡುವುದಿಲ್ಲ, ತನ್ನ ಸುರುಳಿಯ ಕಾಂತಕ್ಷೇತ್ರದಿಂದ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಆಯಸ್ಕಾಂತ ಅಂಟಿಕೊಳ್ಳದ ಪಾತ್ರೆ ಅದರ ಪಾಲಿಗೆ ಇದ್ದೂ ಇಲ್ಲದಂತೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕಾಂತದ ಗೊಂಬೆಯೊಂದನ್ನು ಕಿತ್ತು ಪ್ರತಿ ಪಾತ್ರೆಯ ತಳಕ್ಕೂ ಹಿಡಿದು ನೋಡಿದೆವು. ಹನ್ನೊಂದರಲ್ಲಿ ನಾಲ್ಕು ಪಾಸಾದವು. ಈ ಕೆಲಸವನ್ನು ಮನೆಯಲ್ಲೇ ಮಾಡಿದ್ದರೆ ಏಳು ಪಾತ್ರೆಗಳ ಭಾರ ಉಳಿಯುತ್ತಿತ್ತು.

ಕಬ್ಬಿಣದ ಕಾವಲಿ ಪಾಸಾದವುಗಳಲ್ಲಿ ಒಂದು. ಅದರ ಮೇಲೆ ಅಮ್ಮ ಅಕ್ಕಿರೊಟ್ಟಿ ತಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ರೊಟ್ಟಿಯ ನಡುವೆ ಬಳೆಯಾಕಾರದ ಕಂದು ಉಂಗುರವೊಂದು ಮೂಡಿತು, ಆ ಉಂಗುರದಿಂದಾಚೆಗೆ ರೊಟ್ಟಿ ಬಿಳಿಯಾಗಿಯೇ ಉಳಿಯಿತು. ಒಲೆಯ ಗಾಜಿನ ಅಡಿಯಲ್ಲಿರುವ ಸುರುಳಿ ಗೇಣಿನಷ್ಟು ಅಗಲ, ಅಮ್ಮನ ರೊಟ್ಟಿ ಅದಕ್ಕಿಂತ ನಾಲ್ಕು ಬೆರಳು ದೊಡ್ಡದು. ಉರಿಯನ್ನು ಏರಿಸಿದರೆ ಉಂಗುರ ಕಪ್ಪಾಯಿತು; ಇಳಿಸಿದರೆ ಒಲೆ ಒಮ್ಮೆ ಪೂರ್ತಿ ಉರಿದು ಒಮ್ಮೆ ಪೂರ್ತಿ ನಿಲ್ಲುವ ಆಟ ಶುರುಮಾಡಿತು, ಏಕೆಂದರೆ ಅಗ್ಗದ ಒಲೆಗಳಲ್ಲಿ ಸಣ್ಣ ಉರಿ ಎಂದರೆ ನಿಜವಾದ ಸಣ್ಣ ಉರಿಯಲ್ಲ, ದೊಡ್ಡ ಉರಿಯ ತುಣುಕುಗಳು. ಎರಡನೆಯ ರೊಟ್ಟಿ ಗ್ಯಾಸಿನ ಮೇಲೆ ಹೋಯಿತು. ಅಷ್ಟರಲ್ಲಿ ಭಾವಮೈದನು ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಹೆಬ್ಬೆರಳು ದಪ್ಪದ ಕೇಬಲನ್ನು ಮುಟ್ಟಿ ನೋಡಿ, ಅದು ಬೆಚ್ಚಗಾಗಿದೆ ಎಂದ. ಒಲೆ 1,200 ವ್ಯಾಟಿನಲ್ಲಿ ಉರಿದಾಗ ಹನ್ನೆರಡು ಚಿಲ್ಲರೆ ವೋಲ್ಟಿನ ಆ ಬದಿಯಲ್ಲಿ ನೂರು ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ತೆಳ್ಳನೆಯ ತಂತಿ ಹಾಕಿ ಮಾಡಿದ ಗಾಡಿಯಲ್ಲಿ ಇಂಥ ಒಲೆ ಇಡುವುದು ಅಪಾಯವನ್ನೇ ಇಟ್ಟುಕೊಂಡಂತೆ.

ಮೂರನೆಯ ದಿನ: ಆಗುಂಬೆಯ ಮಳೆಯಲ್ಲಿ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಬಿಸಿಲನ್ನು ನಂಬಿ ಸೌರಫಲಕ ಹೊತ್ತು ಹೋದವರನ್ನು ಏನೆನ್ನಬೇಕು? ಗಾಡಿಯ ಮಾಡಿನ ಮೇಲಿದ್ದ 300 ವ್ಯಾಟಿನ ಫಲಕ ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮೂವತ್ತು ವ್ಯಾಟಿನ ಆಚೆ ಹೋಗಲಿಲ್ಲ. ಸೂರ್ಯಾಸ್ತದ ಕಟ್ಟೆಯವರೆಗೆ ಕೊಡೆ ಹಿಡಿದು ಹೋಗಿ, ಅರಬ್ಬಿ ಸಮುದ್ರ ಇರಬೇಕಾದ ದಿಕ್ಕಿನಲ್ಲಿ ಹತ್ತಿಯಂಥ ಮೋಡವನ್ನು ನೋಡಿ ಬಂದೆವು. ಹದಿನಾಲ್ಕು ತಿರುವುಗಳ ಘಾಟಿಯನ್ನು ಇಳಿಯುವ ಯೋಚನೆ ನಮಗೆ ಮೊದಲೇ ಇರಲಿಲ್ಲ. ಗಾಡಿ ಇಡೀ ದಿನ ನಿಂತಲ್ಲೇ ನಿಂತಿತು, ಅಂದರೆ ಆಲ್ಟರ್ನೇಟರಿನಿಂದಲೂ ಏನೂ ಬರಲಿಲ್ಲ. ಬೆಳಿಗ್ಗೆ ಬ್ಯಾಟರಿ 61 ಪ್ರತಿಶತದಲ್ಲಿತ್ತು.

ಈ ಬಡತನದ ದಿನವೇ ನಮಗೆ ಆಯ್ಕೆಯ ಗುಟ್ಟನ್ನು ತಿಳಿಸಿತು. ಮಧ್ಯಾಹ್ನಕ್ಕೆ ಅಮ್ಮ ಒಂದೆಲಗದ ತಂಬುಳಿ ಮಾಡಲು ನಿಂತರು. ಒಗ್ಗರಣೆ ಸೌಟಿನಲ್ಲಿ ಅರ್ಧ ಚಮಚ ತುಪ್ಪ ಬಿಸಿ ಮಾಡಿ ಜೀರಿಗೆಯನ್ನೂ ಎಂಟು ಕಾಳುಮೆಣಸನ್ನೂ ಸಿಡಿಸಿದರು. ಆ ಬಿಸಿಯಲ್ಲೇ ತೊಳೆದ ಎಲೆಗಳನ್ನು ಬಾಡಿಸಿದರು. ಅದೆಲ್ಲವನ್ನೂ ಒಂದು ಹಿಡಿ ಕಾಯಿತುರಿಯೊಂದಿಗೆ ಮಿಕ್ಸಿಯ ಚಿಕ್ಕ ಜಾರಿಗೆ ತುಂಬಿ, ಮುಚ್ಚಳದ ಮೇಲೆ ಅಂಗೈಯನ್ನೂರಿ ಸ್ವಿಚ್ಚು ತಿರುಗಿಸಿದರು. ಮಿಕ್ಸಿಯ ಬೆನ್ನಿನ ಮೇಲೆ 750 ವ್ಯಾಟ್ ಎಂದು ಬರೆದಿದ್ದರಿಂದ ಬ್ಯಾಟರಿಗೆ ಇದೇ ದೊಡ್ಡ ಶತ್ರುವೆಂದು ನಾನು ಭಾವಿಸಿದ್ದೆ. ಮೀಟರು ಶುರುವಿನಲ್ಲಿ ಒಮ್ಮೆ ಜಿಗಿದು, ಆಮೇಲೆ 400ರ ಸುತ್ತಮುತ್ತ ನಿಂತಿತು. ಎರಡೂವರೆ ನಿಮಿಷದಲ್ಲಿ ಎಲೆ, ಕಾಯಿ, ಮೆಣಸು ಎಲ್ಲ ಹಸಿರು ಗಂಧವಾಗಿ ಜಾರಿನ ಗೋಡೆಗೆ ಅಂಟಿಕೊಂಡವು. ಖರ್ಚು ನೋಡಿದರೆ ಹದಿನೇಳು ವ್ಯಾಟ್-ಗಂಟೆ. ಅದನ್ನು ಮಜ್ಜಿಗೆಗೆ ಕದಡಿದರೆ ಆಯಿತು, ತಂಬುಳಿಯನ್ನು ಕುದಿಸುವ ಕೆಲಸವೇ ಇಲ್ಲ.

ಹಿಂದಿನ ರಾತ್ರಿ ಅನ್ನಕ್ಕೆ ಹಿಡಿಸಿದ್ದು 270. ರೈಸ್ ಕುಕ್ಕರು ಅರ್ಧ ಗಂಟೆ ಸದ್ದಿಲ್ಲದೆ ಕುಳಿತು ತಿನ್ನುತ್ತದೆ, ಮಿಕ್ಸಿ ಎರಡು ನಿಮಿಷ ಅರಚಿ ಸುಮ್ಮನಾಗುತ್ತದೆ. ವ್ಯಾಟಿನ ಅಂಕಿಯನ್ನು ನೋಡಿ ಹೆದರಬೇಕಾದ್ದು ಇನ್ವರ್ಟರೇ ಹೊರತು ಬ್ಯಾಟರಿಯಲ್ಲ. ಬ್ಯಾಟರಿ ಲೆಕ್ಕ ಹಾಕುವುದು ಎಷ್ಟು ನಿಮಿಷ ಎಂಬುದನ್ನು. ಅಂಗಡಿಯಲ್ಲಿ ಉಪಕರಣದ ಡಬ್ಬದ ಮೇಲೆ ವ್ಯಾಟನ್ನು ಮಾತ್ರ ದೊಡ್ಡದಾಗಿ ಮುದ್ರಿಸಿರುತ್ತಾರೆ, ನಿಮಿಷವನ್ನು ನಾವೇ ನಮ್ಮ ಅಡುಗೆಯಿಂದ ತುಂಬಿಕೊಳ್ಳಬೇಕು. ಮಲೆನಾಡಿನ ಅಡುಗೆಯಲ್ಲಿ ತಂಬುಳಿ, ಚಟ್ನಿ, ಹಸಿ ಗೊಜ್ಜು ಇಂಥ ರುಬ್ಬಿ ಕಲಸುವ ಪದಾರ್ಥಗಳೇ ಬೇಕಾದಷ್ಟು ಇರುವಾಗ, ಗಾಡಿಗೆ ಮೊದಲು ಹತ್ತಬೇಕಾದ ಯಂತ್ರ ಒಲೆಯಲ್ಲ, ಮಿಕ್ಸಿ ಎಂದು ನನಗೆ ಅನ್ನಿಸಿತು. ಮೂರು ಜಾರು ತಂದಿದ್ದೆವು, ಚಿಕ್ಕದೊಂದೇ ಸಾಕಾಗಿತ್ತು. ಆದರೆ ಇನ್ವರ್ಟರು ಶುದ್ಧ ಸೈನ್ ತರಂಗದ್ದಾಗಿರಬೇಕು, ಅಂದರೆ ಮನೆಯ ಕರೆಂಟಿನಂತೆಯೇ ನಯವಾಗಿ ಏರಿಳಿಯುವ ಕರೆಂಟನ್ನು ಕೊಡುವಂಥದ್ದು. ಭಾವಮೈದನು ಹಿಂದೊಮ್ಮೆ ಅಗ್ಗದ ಇನ್ವರ್ಟರಿಗೆ ಮಿಕ್ಸಿ ಹಾಕಿದಾಗ ಅದು ಗುರುಗುಟ್ಟುತ್ತ ಬಿಸಿಯಾಗಿ, ಸುಟ್ಟ ವಾಸನೆ ಹೊಡೆದಿತ್ತಂತೆ.

ಹೊತ್ತು ಹಿಡಿಯುವ ಅಡುಗೆಯೆಲ್ಲ ಅಂದು ಗ್ಯಾಸಿಗೆ ಹೋಯಿತು. ರಾತ್ರಿಗೆ ಅಕ್ಕಿತರಿ ಕಡುಬು. ಅಮ್ಮ ಮನೆಯಲ್ಲೇ ಅಕ್ಕಿಯನ್ನು ತರಿ ಮಾಡಿಸಿ ತಂದಿದ್ದರಿಂದ ರುಬ್ಬುವ ಕೆಲಸ ಇರಲಿಲ್ಲ. ಉಪ್ಪು ಹಾಕಿದ ನೀರಿನಲ್ಲಿ ತರಿಯನ್ನು ಗೊಟಾಯಿಸಿ, ಉಂಡೆ ಕಟ್ಟಿ, ಇಂಡಕ್ಷನ್ ಒಲೆಯು ತಿರಸ್ಕರಿಸಿದ ಅದೇ ಅಲ್ಯುಮಿನಿಯಂ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಹಬೆಯಲ್ಲಿಟ್ಟರು. ಕರೆಂಟಿನಲ್ಲಿ ಬೇಯಿಸಿದ್ದರೆ ಇದೊಂದಕ್ಕೇ ನಾನೂರು ವ್ಯಾಟ್-ಗಂಟೆ ಹೋಗುತ್ತಿತ್ತು. ಐದು ಕಿಲೋ ಗ್ಯಾಸಿನ ಚಿಕ್ಕ ಸಿಲಿಂಡರಿನೊಳಗೆ ಅರವತ್ತು ಯೂನಿಟ್ಟಿಗೂ ಹೆಚ್ಚು ಶಾಖ ಅಡಗಿದೆ. ಅದರಲ್ಲಿ ಮೂರನೆಯ ಒಂದು ಪಾಲು ಪಾತ್ರೆಯ ಪಕ್ಕದಿಂದ ಸೋರಿಹೋದರೂ ಉಳಿಯುವುದು ನಮ್ಮ ಬ್ಯಾಟರಿಯಿಂದ ಕೈಗೆ ಸಿಗುವುದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಈ ಲೆಕ್ಕ ಕೇಳಿದ ಮೇಲೆ ನನ್ನ ಹೆಂಡತಿ, ಇಡೀ ಗಾಡಿಯನ್ನು ಕರೆಂಟಿನದೇ ಅಡುಗೆಮನೆ ಮಾಡಬೇಕೆಂಬ ತನ್ನ ತಮ್ಮನ ಕನಸಿನ ಮೇಲೆ ಕಡುಬಿನಷ್ಟೇ ಬಿಸಿಯಾದ ಮಾತೊಂದನ್ನು ಇಟ್ಟಳು.

ಗ್ಯಾಸಿಗೆ ಅದರದೇ ಭಯಗಳಿವೆ. ಅದು ಗಾಳಿಗಿಂತ ಭಾರ, ಸೋರಿದರೆ ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಅದಕ್ಕೆಂದೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಬೇಕು. ನಮ್ಮ ಗಾಡಿಯಲ್ಲಿ ಅದಿತ್ತು. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಮುಚ್ಚುವುದು ಅಮ್ಮನ ಪಾಲಿನ ಕೆಲಸವಾಗಿತ್ತು. ಇನ್ನೊಂದು ತೊಂದರೆ ಆಗುಂಬೆಯದೇ. ಕಡುಬಿನ ಹಬೆ, ಒದ್ದೆ ಬಟ್ಟೆ, ನಾಲ್ಕು ಜನರ ಉಸಿರು ಎಲ್ಲ ಸೇರಿ ಗಾಡಿಯ ಒಳಗೋಡೆಗಳು ಬೆವರತೊಡಗಿದವು. ಮಳೆಯೆಂದು ಕಿಟಕಿ ಮುಚ್ಚಿ ಗ್ಯಾಸ್ ಉರಿಸುವಂತಿಲ್ಲ, ತೆರೆದರೆ ಇರಚಲು ಹೊಡೆಯುತ್ತದೆ. ಕೊನೆಗೆ ಎರಡು ಕಿಟಕಿಗಳನ್ನು ನಾಲ್ಕು ಬೆರಳಿನಷ್ಟು ತೆರೆದು, ಇರಚಲು ಬೀಳುವ ಕಡೆಗೆ ನಾನು ಬೆನ್ನು ಕೊಟ್ಟು ಕುಳಿತೆ.

ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ ಎಂಬ ಮಾತು ಇಲ್ಲಿಗೆ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಗುಂಬೆ ಇರುವ ಎತ್ತರದಲ್ಲಿ ನೀರು ಹತ್ತಿರಹತ್ತಿರ 98 ಡಿಗ್ರಿಯಲ್ಲಿ ಕುದಿಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಾದರೂ ಅದು 95ರ ಮೇಲೆಯೇ.

ನಾಲ್ಕನೆಯ ದಿನ: ಹೊಸನಗರದ ಕಡೆಗೆ

ಆಗುಂಬೆಯಿಂದ ತೀರ್ಥಹಳ್ಳಿಗೆ ಮರಳಿ, ಅಲ್ಲಿಂದ ಹೊಸನಗರದ ದಾರಿ ಹಿಡಿದೆವು. ಮಳೆಗೆ ಎದ್ದುಹೋದ ಒಂದು ರಸ್ತೆಯಲ್ಲಿ ಗಾಡಿ ಕುಪ್ಪಳಿಸಿದಾಗ ಹಿಂದಿನಿಂದ ಟಪ್ ಎಂಬ ಸದ್ದು ಬಂತು: ರೈಸ್ ಕುಕ್ಕರಿನ ಗಾಜಿನ ಮುಚ್ಚಳ. ಇಂಡಕ್ಷನ್ ಒಲೆಯ ಗಾಜಿನ ಮುಖವನ್ನು ಕಂಬಳಿಯಲ್ಲಿ ಸುತ್ತಿದ್ದೆವು, ಕುಕ್ಕರಿನ ಮುಚ್ಚಳವನ್ನು ಮರೆತಿದ್ದೆವು. ಸಾವಿರ ಚೂರುಗಳನ್ನು ಆರಿಸುವ ಹೊತ್ತಿಗೆ ಭಾವಮೈದನು, ಮುಚ್ಚಳಕ್ಕೆ ಬೀಗ ಹಾಕಿಕೊಳ್ಳುವ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರನ್ನು ತೋರಿಸಿ, ಗಾಡಿಗೆ ಇಂಥದ್ದೇ ಸರಿ ಎಂದ. ಅವನ ಮಾತನ್ನು ಆ ಪ್ರವಾಸದಲ್ಲಿ ನಾನು ಪೂರ್ತಿ ಒಪ್ಪಿದ್ದು ಅದೊಂದೇ ಸಲ.

ಸಂಜೆ ಹೊಸನಗರದ ಆಸುಪಾಸಿನ ಒಂದು ಹೋಮ್‌ಸ್ಟೇಯಲ್ಲಿ ತಂಗಿದೆವು. ಅಂಗಳದಲ್ಲಿ ಗಾಡಿ ನಿಲ್ಲಿಸಲು, ಮನೆಯಿಂದ ಒಂದು ವೈರು ಎಳೆದುಕೊಳ್ಳಲು ಯಜಮಾನರು ಒಪ್ಪಿದರು. ಕೊನೆಗೂ ಸರ್ಕಾರಿ ಕರೆಂಟು ಸಿಕ್ಕಿತೆಂದು ನಾವು ಹಿಗ್ಗಿದರೆ ಮೀಟರು 184 ವೋಲ್ಟ್ ತೋರಿಸಿತು. ಇಂಡಕ್ಷನ್ ಒಲೆ ಏನೋ ಒಂದು ಅಕ್ಷರ, ಒಂದು ಅಂಕಿ ತೋರಿಸಿ ಉರಿಯಲು ಒಲ್ಲೆನೆಂದಿತು. ಕೆಟಲು ಮಾತ್ರ ಹಠ ಮಾಡಲಿಲ್ಲ, ನಿಧಾನವಾಯಿತು ಅಷ್ಟೆ. ಬರಿಯ ಕಾಯಿಲ್ ಇರುವ ಸಾಮಾನುಗಳಲ್ಲಿ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 230ರ ಬದಲು 184 ಬಂದರೆ ವೋಲ್ಟೇಜು ಐದನೆಯ ಒಂದು ಪಾಲು ಕಡಿಮೆ, ಶಕ್ತಿಯಲ್ಲಿ ಇಳಿಯುವುದು ಮೂರನೆಯ ಒಂದು ಪಾಲಿಗೂ ಮಿಕ್ಕಿ. 1,500 ವ್ಯಾಟಿನ ಕೆಟಲು 960ರಲ್ಲಿ ಓಡಿ, ನಾಲ್ಕು ನಿಮಿಷದ ನೀರನ್ನು ಆರು ನಿಮಿಷಕ್ಕೂ ಮೀರಿ ಎಳೆಯಿತು. ಹಳ್ಳಿಗಾಡಿನಲ್ಲಿ ಅಡುಗೆ ಮಾಡುವವರಿಗೆ ಬುದ್ಧಿವಂತ ಸಾಮಾನಿಗಿಂತ ದಡ್ಡ ಸಾಮಾನು ವಾಸಿ ಎನ್ನಿಸುವ ಗಳಿಗೆಗಳಿವೆ.

ಬೆಳಿಗ್ಗೆ ವೋಲ್ಟೇಜು ಸರಿಯಾಗಿತ್ತು, ನನ್ನ ಬುದ್ಧಿ ಸರಿಯಾಗಿರಲಿಲ್ಲ. ಯಜಮಾನರು ಕೊಟ್ಟದ್ದು ಚಿಕ್ಕ ಮೂರು ತೂತಿನ 6 ಆಂಪಿಯರ್ ಸಾಕೆಟ್ಟಿನಿಂದ ಬಂದ ವೈರು. ಅದು ಹೊರಬಲ್ಲದ್ದು ಹೆಚ್ಚೆಂದರೆ 1,380 ವ್ಯಾಟ್. ಕೆಟಲು ಒಂದೇ ಅದನ್ನು ಮೀರುತ್ತದೆ. ನಾನು ಅದರ ಪಕ್ಕದಲ್ಲಿ 800 ವ್ಯಾಟಿನ ಪ್ರೆಶರ್ ಕುಕ್ಕರನ್ನೂ ಚುಚ್ಚಿದೆ. ಎರಡು ಮೂರು ನಿಮಿಷದಲ್ಲಿ ಮನೆಯೊಳಗೆ ರೇಡಿಯೋ ನಿಂತಿತು, ಫ್ಯಾನು ನಿಂತಿತು. ಯಜಮಾನರು ಬಾಗಿಲಿಗೆ ಬಂದು, ಪ್ಲಗ್ಗನ್ನು ಮುಟ್ಟಿ ಕೈ ಹಿಂದೆಗೆದು, 'ನಿಮ್ಮ ಗಾಡಿ ನಮ್ಮ ಮನೆಗಿಂತ ಜಾಸ್ತಿ ಉಣ್ಣುತ್ತದಲ್ಲ ಮಾರಾಯ್ರೇ' ಎಂದರು. ಹೊರೆ ಮೀರಿದಾಗ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಬಿದ್ದಿತ್ತು, ಅದನ್ನು ಅವರೇ ಎತ್ತಿದರು. ಒಂದೇ ತಪ್ಪನ್ನು ಮಂಡಗದ್ದೆಯಲ್ಲಿ ಒಮ್ಮೆ, ಇಲ್ಲಿ ಒಮ್ಮೆ ಮಾಡಿದವನ ಕೈಯಿಂದ ಕೆಟಲಿನ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. ಮತ್ತೆ ಕೊಳ್ಳುವುದಾದರೆ 600 ಅಥವಾ 800 ವ್ಯಾಟಿನ, ಅರ್ಧ ಲೀಟರಿನ ಪುಟ್ಟ ಕೆಟಲನ್ನೇ ಕೊಳ್ಳುತ್ತೇನೆ. ನೀರು ಕುದಿಯಲು ಬೇಕಾದ ಒಟ್ಟು ಶಾಖ ಬದಲಾಗುವುದಿಲ್ಲ, ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಯಾವ ಊರಿನ ಯಾವ ಸಾಕೆಟ್ಟೂ ಮುನಿಸಿಕೊಳ್ಳುವುದಿಲ್ಲ.

ಐದನೆಯ ದಿನ: ಸಾಗರ, ಜೋಗ

ಸಾಗರದಲ್ಲಿ ತರಕಾರಿಗೆಂದು ಇಳಿದದ್ದು ಬಿಟ್ಟರೆ ನೇರವಾಗಿ ಜೋಗಕ್ಕೆ ಹೋದೆವು. ಬಿಸಿಲು ಬಂದಿತ್ತು. ಗಾಡಿ ಮೂರು ಗಂಟೆ ಓಡಿದ್ದರಿಂದಲೂ ಫಲಕ ಮೊದಲ ಬಾರಿಗೆ 200 ವ್ಯಾಟ್ ದಾಟಿದ್ದರಿಂದಲೂ ಬ್ಯಾಟರಿ ತುಂಬುತ್ತ ಬಂದಿತ್ತು.

ಹೋಗುವ ದಾರಿಯಲ್ಲೇ, ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನಲ್ಲಿ ರಾತ್ರಿ ನೆನೆಸಿಟ್ಟಿದ್ದ ಅಲಸಂದೆ ಕಾಳು ಬೇಯುತ್ತಿತ್ತು ಎಂದು ಬರೆಯುವ ಆಸೆಯಿದೆ, ಆದರೆ ಓಡುವ ಗಾಡಿಯಲ್ಲಿ ಒತ್ತಡದ ಪಾತ್ರೆಯನ್ನು ಬೇಯಲಿಡುವುದು ಸರಿಯಲ್ಲವೆಂದು ಭಾವಮೈದನು ತಡೆದ. ಜೋಗದಲ್ಲಿ ನಿಂತ ಮೇಲೆ ಅದನ್ನು ಹಚ್ಚಿ ನಾವು ಜಲಪಾತ ನೋಡಲು ಹೋದೆವು. ಆ ಕುಕ್ಕರಿನ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ. ಮೊದಲ ಹತ್ತು ನಿಮಿಷ 800 ವ್ಯಾಟ್ ಎಳೆದು ಒತ್ತಡ ಏರಿಸಿಕೊಳ್ಳುತ್ತದೆ. ಆಮೇಲೆ ಆಗಾಗ ಒಂದು ಗುಟುಕು ಕುಡಿದು ಸುಮ್ಮನಿರುತ್ತದೆ, ಏಕೆಂದರೆ ಸುತ್ತ ಎರಡು ಪದರದ ಗೋಡೆಯಿದೆ, ಹಬೆ ಹೊರಗೆ ಹೋಗುವುದಿಲ್ಲ. ಸೀಟಿ ಎಣಿಸುವವರು ಬೇಡ. ಗಾಡಿಯ ಗೋಡೆ ಬೆವರುವುದಿಲ್ಲ. ಕಾಳಿಗೆ 190, ಅದೇ ಪಾತ್ರೆಯಲ್ಲಿ ಆಮೇಲೆ ಮಾಡಿದ ಅನ್ನಕ್ಕೆ 160. ಮುಚ್ಚಳ ಕಳೆದುಕೊಂಡ ರೈಸ್ ಕುಕ್ಕರಿನ ಬಗ್ಗೆ ಆ ಹೊತ್ತಿನಿಂದ ಯಾರೂ ದುಃಖಿಸಲಿಲ್ಲ. ಒಂದೇ ಕುಂದೆಂದರೆ ಒಳಗೆ ಏನಾಗುತ್ತಿದೆ ಎಂದು ತೆಗೆದು ನೋಡುವಂತಿಲ್ಲ. ಸೌಟು ಹಾಕಿ ಎರಡು ಕಾಳು ಹಿಚುಕಿ ನೋಡದ ಅಡುಗೆಯನ್ನು ಅಮ್ಮ ಇಂದಿಗೂ ಪೂರ್ತಿ ನಂಬಿಲ್ಲ.

ಜಲಪಾತದಲ್ಲಿ ನೀರು ಚೆನ್ನಾಗಿತ್ತು. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಬೇರೆಬೇರೆಯಾಗಿ ಕಾಣುವಷ್ಟು ಮಂಜು ಸರಿದಿತ್ತು. 1948ರಲ್ಲಿ ಶುರುವಾದ ಇಲ್ಲಿಯ ವಿದ್ಯುದಾಗಾರದಿಂದ, ಆಮೇಲೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ, ಈ ನಾಡಿನ ಎಷ್ಟೋ ಮನೆಗಳ ದೀಪ ಹತ್ತಿದೆ. ಐದು ದಿನ ವ್ಯಾಟ್-ಗಂಟೆಯನ್ನು ಚಿಲ್ಲರೆ ಕಾಸಿನಂತೆ ಎಣಿಸಿ ಬಂದವರಿಗೆ ಅಲ್ಲಿ ನಿಂತು ಲೆಕ್ಕ ಹಾಕದೆ ಇರಲಾಗಲಿಲ್ಲ. ಭಾವಮೈದನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆದ: 253 ಮೀಟರ್ ಬೀಳುವ ಒಂದು ಲೀಟರ್ ನೀರು ಹೊತ್ತ ಶಕ್ತಿ ಎರಡೂವರೆ ಸಾವಿರ ಜೂಲಿಗೂ ತುಸು ಕಡಿಮೆ, ಕಾಫಿಗೆ ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿತದವರೆಗೆ ಏರಿಸಲು ಬೇಕಾದದ್ದು ಮೂರು ಲಕ್ಷ ಹದಿನಾಲ್ಕು ಸಾವಿರ ಜೂಲು. ಭಾಗಿಸಿದರೆ 126. ಒಂದು ಹನಿಯ ಶಕ್ತಿಯೂ ಪೋಲಾಗದೆ ಕೈಗೆ ಬಂದಿತೆಂದುಕೊಂಡರೂ, ನಮ್ಮ ಬೆಳಗಿನ ಕೆಟಲು ಕುದಿಯಲು 126 ಲೀಟರ್ ನೀರು ರಾಜನ ನೆತ್ತಿಯಿಂದ ಬುಡದವರೆಗೆ ಬೀಳಬೇಕು. ಹನ್ನೆರಡು ಲೀಟರಿನ ಕೊಡದಲ್ಲಿ ಅಳೆದರೆ ಹತ್ತೂವರೆ ಕೊಡ. ಅಮ್ಮ ಆ ಚೀಟಿಯನ್ನು ಕೇಳಿ ಪಡೆದು, ಕನ್ನಡಕ ಏರಿಸಿ ಓದಿ, 'ಹಾಗಾದರೆ ಒಂದೆಲಗ ಅರೆದದ್ದು?' ಎಂದರು. ಅದಕ್ಕೆ ಎರಡು ಕೊಡವೆಂದು ಲೆಕ್ಕ ಬಂತು.

ಆರನೆಯ ದಿನ: ಮರಳಿ ಶಿವಮೊಗ್ಗ

ಆನಂದಪುರದ ದಾರಿಯಾಗಿ ಮಧ್ಯಾಹ್ನಕ್ಕೆ ಮನೆ ತಲುಪಿದೆವು. ಗಾಡಿ ತೊಳೆದು ಮರಳಿಸುವ ಮೊದಲು ಸಾಮಾನುಗಳು ಮತ್ತೆ ಅದೇ ಜಗಲಿಯ ಮೇಲೆ ಇಳಿದವು. ಓವನ್ನಿನ ಡಬ್ಬಕ್ಕೆ ಹಚ್ಚಿದ್ದ ಟೇಪು ಹಾಗೆಯೇ ಇತ್ತು. ಆರು ದಿನ ಅದು ನನ್ನ ಹೆಂಡತಿಗೆ ಕಾಲುಮಣೆಯಾಗಿ ಸಂದಿತ್ತು. ಟೋಸ್ಟರನ್ನು ಒಮ್ಮೆ ಮಾತ್ರ ಬಳಸಿದ್ದೆವು. ಮಿಕ್ಸಿ ದಿನವೂ ದುಡಿದಿತ್ತು, ಪ್ರೆಶರ್ ಕುಕ್ಕರು ಕೊನೆಯ ಮೂರು ದಿನ. ಇಂಡಕ್ಷನ್ ಒಲೆಯ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳಾಗಿವೆ: ಗಾಡಿ ದಿನವೂ ನೂರು ಕಿಲೋಮೀಟರ್ ಓಡುವುದಾದರೆ, ಅಥವಾ ರಾತ್ರಿ 16 ಆಂಪಿಯರಿನ ಸಾಕೆಟ್ಟು ಸಿಗುವುದು ಖಚಿತವಾದರೆ ಅದು ಇರಲಿ ಎಂದು ಭಾವಮೈದನ ವಾದ, ಅಕ್ಕಿರೊಟ್ಟಿ ಬೇಯದ ಒಲೆಗೆ ಮಲೆನಾಡಿನಲ್ಲಿ ಏನು ಕೆಲಸ ಎಂದು ಅಮ್ಮನದು. ನಾನು ಅಮ್ಮನ ಪಕ್ಷ.

ಗಾಡಿಯನ್ನು ಕೊಟ್ಟು ಬಂದ ಭಾವಮೈದನು ತನ್ನ ಮೀಟರನ್ನು ಎಲ್ಲ ಚೀಲಗಳಲ್ಲೂ ಹುಡುಕಿದ. ಎರಡು ದಿನದ ಮೇಲೆ ದೋಸೆಗೆ ಅಕ್ಕಿ ರುಬ್ಬುವ ಸದ್ದು ಕೇಳಿ ಅಡುಗೆಮನೆಗೆ ಹೋದಾಗ, ಗ್ರೈಂಡರಿನ ಪ್ಲಗ್ಗಿಗೂ ಗೋಡೆಗೂ ನಡುವೆ ಅದು ಸಿಕ್ಕಿಕೊಂಡಿತ್ತು. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಪೆನ್ಸಿಲಿನಿಂದ ಬರೆದಿದ್ದರು: 'ಗ್ರೈಂಡರ್, 35 ನಿಮಿಷ, 85. ಒಂಬತ್ತು... ಹತ್ತು ಕೊಡ ಇರಬೇಕು, ಇವನನ್ನು ಕೇಳುವುದು.'